ಥಿ ಎಂಬ ಪದವೂ ನನ್ನ ಇಪ್ಪತ್ತು ರುಜುವೂ

ನಮ್ಮ ಮನೆಗೆ ಒಂದು ಚೀನೀ ಪದ ಬಂದು ಎರಡು ತಿಂಗಳಾಯಿತು. ನೆಂಟರಾಗಿದ್ದರೆ ಮೂರನೇ ದಿನ ಅವರೆದುರು ಬಸ್ಸಿನ ವೇಳಾಪಟ್ಟಿ ಓದಿ ಸೂಚನೆ ಕೊಡಬಹುದಿತ್ತು. ಪದಕ್ಕೆ ಅದೂ ನಾಟುವುದಿಲ್ಲ. ಅಡುಗೆಮನೆಯಲ್ಲಿದೆ, ಬಚ್ಚಲಲ್ಲಿದೆ, ನಾನು ಬರೆಯುವ ಮೇಜಿನ ಮೇಲೂ ಇದೆ. ಅದು ಬರುವ ಮೊದಲು ನಾನು ಈ ಮನೆಯ ಯಜಮಾನ, ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಸಮಾಜದ ಕಿವಿ ಹಿಂಡುವ ಅಂಕಣಕಾರ, ಯಾವ ಕಾಲೇಜಿನ ಮೆಟ್ಟಿಲೂ ಹತ್ತದೆ ಸ್ವಂತ ಓದಿನಿಂದ ಮೇಲೆದ್ದ ಸ್ವಯಂಭೂ ವಿದ್ವಾಂಸ. ಅದು ಬಂದ ಮೇಲೆ ನಾನು ಏನಾದೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. (ಈಗಲೇ ಹೇಳಿದರೆ ನೀವು ಮುಂದೆ ಓದುವುದಿಲ್ಲ, ನನಗೂ ಬರೆಯುವ ಧೈರ್ಯ ಉಳಿಯುವುದಿಲ್ಲ.)

ನನ್ನ ಹೆಂಡತಿ ಫ್ಯಾನ್ ಮೋಟಾರ್ ಕಾರ್ಖಾನೆಯಲ್ಲಿ ತಂತಿ ಸುತ್ತುವ ಯಂತ್ರದ ಮುಂದೆ ಹನ್ನೊಂದು ವರ್ಷದಿಂದ ನಿಂತಿದ್ದಾಳೆ. ನಿಂತಿದ್ದಾಳೆ ಎಂಬುದು ಮಾತಿಗೆ ಹೇಳಿದ್ದಲ್ಲ. ಅಲ್ಲಿ ಕೂರುವುದಕ್ಕೆ ಏನೂ ಇಲ್ಲ. ಸಂಜೆ ಮನೆಗೆ ಬರುವಾಗ ಅವಳ ಕಾಲಿನ ನರಗಳು ನೀಲಿ ಹಗ್ಗದ ಹಾಗೆ ಎದ್ದಿರುತ್ತವೆ. ಈಗ ಅಲ್ಲಿಗೆ ಚೀನಾದಿಂದ ಹೊಸ ಯಂತ್ರಗಳು ಬಂದಿವೆ. ಯಂತ್ರಗಳ ಜೊತೆಗೆ ಅವನ್ನು ನಡೆಸುವುದು ಕಲಿಸಲು ಒಬ್ಬ ಚೀನೀ ಮೇಡಂ ಬಂದಿದ್ದಾರೆ. ಆಕೆಗೆ ತನ್ನ ಭಾಷೆ ಬಿಟ್ಟರೆ ಇನ್ನೊಂದು ಬಾರದು. ಹಾಗಾಗಿ ಹೊಸ ಸಾಲಿಗೆ ಲೈನ್ ಲೀಡರ್ ಆಗುವವರಿಗೆ ಅಲ್ಪಸ್ವಲ್ಪ ಚೀನೀ ಬರಬೇಕು, ಅದಕ್ಕೊಂದು ಪರೀಕ್ಷೆ ಎಂದು ಕಾರ್ಖಾನೆಯವರು ಪ್ರಕಟಿಸಿದರು.

"ಸಂಬಳದ ಮಾತು ಆಮೇಲೆ ರೀ" ಅಂದಳು ಅವಳು. "ಲೈನ್ ಲೀಡರ್‌ಗೆ ಕುರ್ಚಿ ಇದೆಯಂತೆ. ಹಿಂದೆ ಒರಗಿಕೊಳ್ಳೋದಕ್ಕೂ ಇದೆಯಂತೆ."

ಇದನ್ನು ಹೇಳುವಾಗಲೂ ಅವಳು ನಿಂತೇ ಇದ್ದಳು. ನಾನು ನನ್ನ ಕುರ್ಚಿಯಲ್ಲಿ ಒರಗಿಕೊಂಡು, ದುಡಿಯುವ ವರ್ಗದ ಬಗ್ಗೆ ಒಂದು ಪ್ಯಾರಾ ಮುಗಿಸುತ್ತಿದ್ದೆ.

ಚೀನೀ ಪಾಠಕ್ಕೆ ಕಾರ್ಖಾನೆಯವರು ಗೊತ್ತುಮಾಡಿದ್ದು ಒಬ್ಬ ಮುದುಕ ಮೇಷ್ಟ್ರನ್ನು. ಆತ ಇಪ್ಪತ್ತು ವರ್ಷ ಹಡಗಿನ ಅಡುಗೆಮನೆಯಲ್ಲಿ ಒಬ್ಬ ಚೀನೀ ಬಾಣಸಿಗನ ಕೈಕೆಳಗೆ ಈರುಳ್ಳಿ ಹೆಚ್ಚಿದವರು. ಈರುಳ್ಳಿಯ ಜೊತೆಗೆ ಭಾಷೆಯೂ ಕಣ್ಣಲ್ಲಿ ನೀರು ತರಿಸಿ ಒಳಗಿಳಿದಿತ್ತು. ಪಂಕ್ಚರ್ ಅಂಗಡಿಯ ಮಹಡಿಯ ಮೇಲೆ ಅವರ ಕೋಣೆ. ಅಲ್ಲಿ ಎಂಟು ಜನ ಹೆಂಗಸರು ವಾರಕ್ಕೆ ಮೂರು ಸಂಜೆ ಕೂತು ಕಲಿತ ಪದಗಳಲ್ಲಿ ಮಹಾರಾಜ ಪದವೇ ಈ 'ಥಿ'.

ಥಿ ಅಂದರೆ ಒಬ್ಬರ ಬದಲು ಇನ್ನೊಬ್ಬರು ಒಂದು ಕೆಲಸ ಮಾಡುವುದು. ಕಾರ್ಖಾನೆಯ ಸಾಲಿನಲ್ಲಿ ಇದಿಲ್ಲದೆ ಹೊತ್ತು ಹೋಗುವುದಿಲ್ಲ. ಒಬ್ಬಳು ನೀರು ಕುಡಿಯಲು ಹೋದರೆ ಅವಳ ಬದಲು ಇನ್ನೊಬ್ಬಳು ತೋಳಿಗೆ ಹಳದಿ ಪಟ್ಟಿ ಕಟ್ಟಿಕೊಂಡು ಯಂತ್ರದ ಮುಂದೆ ನಿಲ್ಲಬೇಕು. ಪಟ್ಟಿ ಕಟ್ಟಿಕೊಂಡಿರುವಷ್ಟು ಹೊತ್ತು ಆದ ತಪ್ಪು ನಿಂತವಳದೇ. ಪದವನ್ನು ಉಚ್ಚರಿಸುವ ಕ್ರಮವೂ ಹಾಗೇ ಕಠಿಣ. ಉಸಿರು ಬಿಟ್ಟು, ದನಿಯನ್ನು ಮೇಲಿನಿಂದ ಕೆಳಕ್ಕೆ, ಮಹಡಿ ಹತ್ತಿಸಿದ ಗ್ಯಾಸ್ ಸಿಲಿಂಡರನ್ನು ಧಪ್ಪೆಂದು ಇಳಿಸಿದ ಹಾಗೆ ಇಳಿಸಬೇಕು. ಅವಳು ಪಾತ್ರೆ ತಿಕ್ಕುತ್ತಾ ಅಭ್ಯಾಸ ಮಾಡುವುದನ್ನು ಕೇಳಿ ನನ್ನ ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು.

"ನಾನು ಒಳಗೆ ಬಂದಾಗಲೆಲ್ಲ ಥೀ ಥೀ ಅಂತಾಳೆ ಕಣೋ. ನಾನೇನು ನಾಯಿನಾ?"

ಆ ಅಕ್ಷರದ ರೂಪವನ್ನು ಮೇಷ್ಟ್ರು ಹೇಗೆ ವಿವರಿಸಿದರೆಂದು ಅವಳು ನನಗೊಂದು ಸಂಜೆ ತೋರಿಸಿದಳು. ಮೇಲೆ ಅಕ್ಕಪಕ್ಕ ಎರಡು ಗುರುತು. ಒಂದೊಂದಕ್ಕೂ ಗಂಡ ಎಂದು ಅರ್ಥ. ಕೆಳಗಿನ ಗುರುತಿಗೆ ದಿನ ಎಂದು ಅರ್ಥ. ಅಂದರೆ ಇಬ್ಬರು ಗಂಡಂದಿರು ಒಂದು ದಿನದ ತಲೆಯ ಮೇಲೆ ಹತ್ತಿ ಕೂತಿದ್ದಾರೆ.

"ನಿನಗೆ ಒಬ್ಬನೇ ಇರೋದು, ನಿನ್ನ ಪುಣ್ಯ" ಅಂದೆ.

"ಒಬ್ಬರೇ ಇರೋದು. ಭಾರ ಇಬ್ಬರದ್ದಿದೆ" ಅಂದು ನೋಟ್‌ಬುಕ್ ಮುಚ್ಚಿದಳು. ತಮಾಷೆ ಎಂದು ನಾನು ನಕ್ಕೆ. ಹೆಂಡತಿಯ ಮಾತಿಗೆ ನಕ್ಕು ಮುಗಿಸಿದ ಗಂಡಸರ ಗತಿ ಏನಾಗುತ್ತದೆ ಎಂಬುದಕ್ಕೆ ಮುಂದಿನದೇ ದೃಷ್ಟಾಂತ.

ಮೇಷ್ಟ್ರದ್ದೊಂದು ವಿಚಿತ್ರ ಪದ್ಧತಿ. ಪುಸ್ತಕದ ವಾಕ್ಯ ಬರೆಯುವಂತಿಲ್ಲ. ಮನೆಯಲ್ಲಿ ನಿಜವಾಗಿ ನಡೆದದ್ದನ್ನೇ ಬರೆಯಬೇಕು. ಚೀನೀ ವಾಕ್ಯ, ಅದರ ಕೆಳಗೆ ಕನ್ನಡದಲ್ಲಿ ಅರ್ಥ, ಅದರ ಕೆಳಗೆ 'ನಡೆದದ್ದು ನಿಜ' ಎಂದು ಮನೆಯವರೊಬ್ಬರ ಸಾಕ್ಷಿ ರುಜು. ನೋಟ್‌ಬುಕ್ಕಿನಲ್ಲಿ ಎರಡು ಭಾಗ. ಮೊದಲನೆಯದರಲ್ಲಿ 'ನಾನು ಬೇರೆಯವರ ಬದಲು ಮಾಡಿದ್ದು' ಇಪ್ಪತ್ತು ವಾಕ್ಯ. ಎರಡನೆಯದರಲ್ಲಿ 'ಬೇರೆಯವರು ನನ್ನ ಬದಲು ಮಾಡಿದ್ದು' ಹತ್ತು ವಾಕ್ಯ. ಎರಡೂ ತುಂಬಿದವರ ಹೆಸರು ಮಾತ್ರ ಪರೀಕ್ಷೆಯ ಪಟ್ಟಿಗೆ.

ಸಾಕ್ಷಿ ನಾನೇ. ಅವಳು ದಿನಾ ಟೀ ಲೋಟದ ಪಕ್ಕ ನೋಟ್‌ಬುಕ್ ಇಡುತ್ತಿದ್ದಳು.

"ಓದಿ ಹಾಕಿ ರೀ."

"ನಿನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ" ಎಂದು ಕಣ್ಣೆತ್ತದೆ ರುಜು ಹಾಕುತ್ತಿದ್ದೆ. ಇಪ್ಪತ್ತು ರುಜು ಹಾಗೇ ಬಿದ್ದವು. ಆ ದಿನಗಳಲ್ಲಿ ನಾನು ಬರೆಯುತ್ತಿದ್ದ ಅಂಕಣದ ತಲೆಬರಹ 'ಓದದೆ ರುಜು ಹಾಕುವ ಕೈಗಳು' ಎಂಬುದನ್ನು ಇಲ್ಲಿ ಹೇಳದಿದ್ದರೆ ನನ್ನ ಆತ್ಮಸಾಕ್ಷಿ ನನ್ನನ್ನು ಬಿಡುವುದಿಲ್ಲ. (ಆತ್ಮಸಾಕ್ಷಿಗೆ ನಮ್ಮ ಮನೆಯಲ್ಲಿ ಬೇರೆ ಕೆಲಸ ಇರಲಿಲ್ಲ.) ಫೈಲನ್ನು ತೆರೆಯದೆ ಸಹಿ ಮಾಡುವ ಅಧಿಕಾರಿಗಳನ್ನು ಅದರಲ್ಲಿ ಜಾಡಿಸಿದ್ದೆ. ಮೂವರು ಓದುಗರು ಪತ್ರ ಬರೆದು ಕೊಂಡಾಡಿದ್ದರು.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ಸುಮ್ಮನೆ ನಿಂತಿದ್ದಳು. ಸುಮ್ಮನೆ ನಿಲ್ಲುವುದು ಅವಳ ಜಾಯಮಾನವಲ್ಲ. ಕೈಯಲ್ಲಿ ನೋಟ್‌ಬುಕ್. ಅದರ ಮೇಲೆ ಮೇಷ್ಟ್ರು ಕೆಂಪು ಮಸಿಯಲ್ಲಿ ಬರೆದಿದ್ದರು: 'ಎರಡನೇ ಭಾಗ ಖಾಲಿ. ಶನಿವಾರ ಹತ್ತು ಗಂಟೆ ಕೊನೆ.'

"ಯಾಕೆ ಖಾಲಿ ಬಿಟ್ಟೆ? ಬರೀಬೇಕಾಗಿತ್ತು" ಅಂದೆ.

"ಏನಂತ ಬರೀಲಿ?"

"ಮನೆಯಲ್ಲಿ ನಡೆದದ್ದು ಬರಿ."

"ನಡೆದಿದ್ರೆ ಬರೀತಿದ್ದೆ."

ನನಗೆ ಮೇಷ್ಟ್ರ ಮೇಲೆ ಕೆಂಡಾಮಂಡಲ ಕೋಪ ಬಂತು. ಹನ್ನೊಂದು ವರ್ಷ ನಿಂತ ಹೆಣ್ಣಿಗೆ ಒಂದು ಕುರ್ಚಿ ಸಿಗುವ ಹೊತ್ತಿಗೆ ಅಡ್ಡಗಾಲು ಹಾಕುವ ಈ ಈರುಳ್ಳಿ ಪಂಡಿತನನ್ನು ಅಂಕಣದಲ್ಲಿ ಹುರಿದುಬಿಡುತ್ತೇನೆ ಎಂದು ನೋಟ್‌ಬುಕ್ ಕಿತ್ತುಕೊಂಡೆ. ಸಾಕ್ಷ್ಯ ಬೇಕಲ್ಲ, ಮೊದಲ ಪುಟ ತೆರೆದು ಗಟ್ಟಿಯಾಗಿ ಓದತೊಡಗಿದೆ.

'ಗಂಡನ ಬದಲು ನಾನು ಅವರ ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.' ಕೆಳಗೆ ನನ್ನ ರುಜು.

'ಗಂಡನ ಬದಲು ನಾನು ಮಗಳ ಶಾಲೆಯ ಸಭೆಗೆ ಹೋಗಿ, ಅಪ್ಪ ಕೆಲಸದಲ್ಲಿದ್ದಾರೆ ಅಂದೆ.' ರುಜು.

'ಗಂಡನ ಬದಲು ನಾನು ಕೆಳಗಿನ ಮನೆಯವರ ಕ್ಷಮೆ ಕೇಳಿದೆ.' ರುಜು, ಕೆಳಗೊಂದು ಗೀಟು ಬೇರೆ.

'ಗಂಡನ ಬದಲು ನಾನು ಅವರ ತಂಗಿಯ ಮಗುವಿನ ಹೆಸರು ನೆನಪಿಟ್ಟುಕೊಂಡೆ.' ರುಜು.

'ಗಂಡನ ಬದಲು ನಾನು ಸಂಪಾದಕರ ಫೋನಿಗೆ, ಅವರು ಮನೆಯಲ್ಲಿಲ್ಲ ಅಂದೆ. ಅವರು ಮನೆಯಲ್ಲಿದ್ದರು.' ಇದಕ್ಕೂ ರುಜು, ತಾರೀಖಿನ ಸಮೇತ.

ಐದನೆಯದಕ್ಕೆ ನನ್ನ ದನಿ ಇಳಿಯಿತು. ಹತ್ತನೆಯದಕ್ಕೆ ಮನಸ್ಸಿನಲ್ಲೇ ಓದಿದೆ. ಹನ್ನೆರಡು ವರ್ಷದ ನನ್ನ ಮಗಳು ಭುಜದ ಮೇಲಿಂದ ಬಗ್ಗಿ ಮಿಕ್ಕಿದ್ದನ್ನು ಓದಿ ಮುಗಿಸಿದಳು.

"ಅಪ್ಪ, ಇಪ್ಪತ್ತಕ್ಕೂ ನೀನೇ ಸಾಕ್ಷಿ. ಇನ್ನು ಇಲ್ಲ ಅನ್ನೋಕಾಗಲ್ಲ."

ಅಮ್ಮ ಮೂಲೆಯಿಂದ ಕನ್ನಡಕ ಒರೆಸುತ್ತಾ ಅಂದಳು: "ನಿಮ್ಮಪ್ಪ ಇದ್ದಿದ್ರೆ ನನಗೆ ನಲವತ್ತು ಪುಟ ಆಗ್ತಿತ್ತು. ಆಗ ಯಾರೂ ಚೀನೀ ಕಲಿಸಲಿಲ್ಲ, ಬಚಾವಾದ."

ನಾನು ಎದ್ದು ನಿಂತೆ. ನನ್ನಂಥವನು ಒಂದು ಸತ್ಯ ಕಂಡ ಮೇಲೆ ಕೂರುವವನಲ್ಲ. ಆರು ದಿನ, ಹತ್ತು ವಾಕ್ಯ. "ನಾನಿದ್ದೇನೆ. ಪ್ರತಿಯೊಂದನ್ನೂ ಮಾಡಿ, ಓದಿ, ರುಜು ಹಾಕುತ್ತೇನೆ. ನಿನ್ನ ಕುರ್ಚಿ ಎಲ್ಲಿ ಹೋಗುತ್ತೆ ನೋಡೋಣ" ಎಂದು ಘೋಷಿಸಿ, ಕಾರ್ಖಾನೆಯ ನಿಯಮದ ಪ್ರಕಾರ ತೋಳಿಗೆ ಹಳದಿ ಪಟ್ಟಿ ಕೇಳಿದೆ. ಮಗಳು ತನ್ನ ಜಡೆಯ ಹಳದಿ ರಿಬ್ಬನ್ ಬಿಚ್ಚಿ ಕಟ್ಟಿದಳು. ಹೂವಿನ ಗಂಟು ಹಾಕಿದ್ದಳು, ಅದನ್ನು ನಾನು ಆಮೇಲೆ ಕನ್ನಡಿಯಲ್ಲಿ ನೋಡಿದೆ.

ಆ ವಾರದ ಸಾಹಸಗಳನ್ನು ಹೇಳಲು ಲೇಖನಿ ನಡುಗುತ್ತದೆ. ಸೋಮವಾರ ನನ್ನ ಅಂಗಿಗಳನ್ನು ಇಸ್ತ್ರಿ ಮಾಡಿದೆ. ಐದು ಅಂಗಿ, ನಾಲ್ಕು ಉಳಿದವು. ಐದನೆಯದರ ಬೆನ್ನಲ್ಲಿ ಇಸ್ತ್ರಿಪೆಟ್ಟಿಗೆಯ ಯಥಾವತ್ ಚಿತ್ರವಿದೆ. ಮಂಗಳವಾರ ಮಗಳ ಶಾಲೆಯ ಸಭೆ. ಐದು ನಿಮಿಷ ಮಾತ್ರ ಕೂತು ಬರಬೇಕಿತ್ತು, ನಾನು ಎದ್ದು ಶಾಲಾ ಚೀಲದ ತೂಕದ ಬಗ್ಗೆ ಇಪ್ಪತ್ತೈದು ನಿಮಿಷ ಮಾತಾಡಿದೆ. ಟೀಚರು ಕೊನೆಗೆ ಬಹಳ ವಿನಯದಿಂದ, "ಸಾರ್, ನಿಮ್ಮ ಮಗಳು ಯಾವ ಸೆಕ್ಷನ್?" ಅಂದರು. ನನಗೆ ಗೊತ್ತಿರಲಿಲ್ಲ. ಅದು ಬೇರೆ ಸೆಕ್ಷನ್ನಿನ ಸಭೆಯಾಗಿತ್ತು. ಓಡಿಹೋಗಿ ಸರಿಯಾದ ಕೋಣೆಯಲ್ಲಿ ಕೊನೆಯ ಎರಡು ನಿಮಿಷ ಕೂತೆ. ಕೂತದ್ದು ಕೂತದ್ದೇ.

ಬುಧವಾರ ಅಮ್ಮನ ಕಣ್ಣು. ಸರದಿ ಮುರಿದು ಒಳಗೆ ನುಗ್ಗಿದ ಒಬ್ಬನ ಜೊತೆ ನಾನು ನಾಗರಿಕ ಪ್ರಜ್ಞೆಯ ಬಗ್ಗೆ ವಾದಿಸುತ್ತಿದ್ದಾಗ ಅಮ್ಮನ ಹೆಸರನ್ನು ಮೂರು ಸಲ ಕೂಗಿ ಮುಂದಿನವರನ್ನು ಕರೆದರು. ಮತ್ತೆ ಎರಡು ಗಂಟೆ ಕೂತು ತೋರಿಸಿಕೊಂಡು ಬಂದೆವು.

"ನಿನ್ನ ಹೆಂಡತಿ ಜೊತೆ ಬಂದ್ರೆ ಬರೀ ಕಣ್ಣು ತೋರಿಸಿಕೊಂಡು ಬರ್ತೀನಿ. ನಿನ್ನ ಜೊತೆ ಬಂದು ಕಿವೀನೂ ಹೋಯ್ತು" ಅಂದಳು ಅಮ್ಮ.

ಗುರುವಾರ ಕೆಳಗಿನ ಮನೆಯವರ ಕ್ಷಮೆ. ಅವರ ಮಗನ ಸೈಕಲ್ಲಿನ ಗಾಳಿ ನಾನು ಬಿಟ್ಟಿದ್ದೆನೆಂಬುದು ಆರೋಪ. (ದಾರಿಗೆ ಅಡ್ಡ ನಿಲ್ಲಿಸಿದ್ದ. ಗಾಳಿ ನಾನೇ ಬಿಟ್ಟದ್ದು.) ಬಾಗಿಲಲ್ಲಿ ನಿಂತು 'ಕ್ಷಮಿಸಿ' ಎಂಬ ಮೂರಕ್ಷರ ಹೇಳಲು ನನಗೆ ಬೇಕಾದ ಪೀಠಿಕೆ ಎಷ್ಟು ದೊಡ್ಡದಾಯಿತೆಂದರೆ, ಅವರು ಒಳಗಿಂದ ಸ್ಟೂಲು ತಂದು ಹಾಕಿದರು. ತಂಗಿಗೆ ಫೋನು ಮಾಡಿ ಮಗುವಿನ ಹೆಸರು ಕೇಳಿ ಬಾಯಿಪಾಠ ಮಾಡಿದೆ. ಉಂಡ ತಟ್ಟೆ ತೊಳೆದೆ. ಕಸ ಇಳಿಸಿದೆ. ಶುಕ್ರವಾರ ಹಾಲಿನ ಮುಂದೆ ನಿಂತೆ. ಹಾಲು ಎಂಬ ವಸ್ತು ಎಷ್ಟು ಕಪಟಿ ಎಂದು ಅಂದು ತಿಳಿಯಿತು. ನೀವು ನೋಡುತ್ತಿರುವಷ್ಟು ಹೊತ್ತು ಸಂನ್ಯಾಸಿ, ಕಣ್ಣು ತಿರುಗಿಸಿದರೆ ಚಳವಳಿಗಾರ. ಆದರೂ ಉಕ್ಕಗೊಡಲಿಲ್ಲ.

ಪ್ರತಿ ಸಂಜೆ ಹೆಂಡತಿ ಕೆಲಸದಿಂದ ಬಂದು ಎರಡೆರಡು ವಾಕ್ಯ ಬರೆಯುತ್ತಿದ್ದಳು. ಬರೆಯುವ ಮೊದಲು ಪೆನ್ನನ್ನು ಗಲ್ಲಕ್ಕೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಇದು ನಡೆಯುತ್ತಾ ರೀ?"

"ಮಾಡಿದೆನೋ ಇಲ್ಲವೋ?"

"ಮಾಡಿದಿರಿ."

"ಮತ್ತೆ?"

"ಏನಿಲ್ಲ. ಮೇಷ್ಟ್ರು ನೋಡ್ತಾರೆ."

ಹತ್ತು ತುಂಬಿತು. ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ, ಹತ್ತು ರುಜುಗಳನ್ನು ರಾಜಮುದ್ರೆಯ ಹಾಗೆ ಒತ್ತಿದೆ. ಶನಿವಾರ ಅವಳಿಗೆ ಕಾರ್ಖಾನೆಯಲ್ಲಿ ಅರ್ಧ ದಿನದ ಪಾಳಿ. ಚಪ್ಪಲಿ ಮೆಟ್ಟುತ್ತಾ ನೋಟ್‌ಬುಕ್ ನನ್ನ ಕೈಗಿತ್ತಳು.

"ನನ್ನ ಬದಲು ನೀವು ಕೊಟ್ಟು ಬನ್ನಿ. ಹತ್ತರೊಳಗೆ. ಅಲ್ಲಿ ಏನೂ ಮಾತಾಡಬೇಡಿ."

ನಾನು ತೋಳಿನ ರಿಬ್ಬನ್ ಬಿಗಿಮಾಡಿಕೊಂಡು ಹೊರಟೆ. ಪಂಕ್ಚರ್ ಅಂಗಡಿಯವನು ಅದನ್ನು ನೋಡಿ, "ಏನು ಸಾರ್, ಪೆಟ್ಟಾಯ್ತಾ?" ಅಂದ. ಸ್ವಲ್ಪ ತಡೆಯಪ್ಪ, ಇನ್ನೇನು ಆಗುತ್ತದೆ.

ಮಹಡಿಯ ಕೋಣೆಯಲ್ಲಿ ಆ ದಿನ ರಜೆಯಿದ್ದ ಐದಾರು ಹೆಂಗಸರು ತಮ್ಮ ನೋಟ್‌ಬುಕ್ ಹಿಡಿದು ಕೂತಿದ್ದರು. ಮೇಷ್ಟ್ರು ಮೊದಲ ಭಾಗವನ್ನು ಓದಿ ತಲೆಯಾಡಿಸಿದರು. ನನ್ನ ಇಪ್ಪತ್ತು ರುಜುಗಳನ್ನು ಬೆರಳಿಂದ ಎಣಿಸಿದರು.

"ಸಾಕ್ಷಿ ನೀವೇನಾ?"

"ನಾನೇ."

"ಒಳ್ಳೆ ಅಕ್ಷರ" ಅಂದು ಎರಡನೇ ಭಾಗಕ್ಕೆ ಬಂದರು. ಕೆಂಪು ಪೆನ್ನು ತೆಗೆದರು.

"ಗಂಡ ನನ್ನ ಬದಲು ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅತ್ತೆ ಅಂದ್ರೆ ನಿಮಗೇನಾಗಬೇಕು?"

"ತಾಯಿ."

"ನಿಮ್ಮ ತಾಯಿ." ಅಡ್ಡಗೆರೆ ಎಳೆದರು. "ಗಂಡ ನನ್ನ ಬದಲು ಮಗಳ ಶಾಲೆಗೆ ಹೋದರು. ಮಗಳು ಯಾರ ಮಗಳು?"

ಹೆಂಗಸರಲ್ಲಿ ಒಬ್ಬಾಕೆ ಸೆರಗು ಬಾಯಿಗೆ ಇಟ್ಟುಕೊಂಡರು. "ನನ್ನದೂ ಹೌದು" ಅಂದೆ.

ಗೆರೆ. "ಗಂಡ ನನ್ನ ಬದಲು ಅಂಗಿ ಇಸ್ತ್ರಿ ಮಾಡಿದರು. ಅಂಗಿ ಯಾರು ತೊಡೋದು?" ಗೆರೆ. "ಸೈಕಲ್ಲಿನ ಗಾಳಿ ಬಿಟ್ಟದ್ದಕ್ಕೆ ಕೆಳಗಿನ ಮನೆಯವರ ಕ್ಷಮೆ ಕೇಳಿದರು. ಗಾಳಿ ಯಾರು ಬಿಟ್ಟಿದ್ದು?" ಗೆರೆ. ತಂಗಿ ನನ್ನ ತಂಗಿ, ಗೆರೆ. ತಟ್ಟೆ ನಾನು ಉಂಡ ತಟ್ಟೆ, ಗೆರೆ. ಹಾಲಿಗೆ ಬಂದಾಗ ನಾನೇ ಮುಂಚಿತವಾಗಿ ಹೇಳಿದೆ, "ನಾನೂ ಕುಡಿದೆ ಸಾರ್, ಎರಡು ಲೋಟ."

ಹತ್ತಕ್ಕೆ ಹತ್ತೂ ಹೋದವು. ಒಂದು ಪುಟದಲ್ಲಿ ಅಷ್ಟು ಕೆಂಪನ್ನು ನನ್ನ ಹಸ್ತಪ್ರತಿಗಳಲ್ಲೂ ನಾನು ಕಂಡಿರಲಿಲ್ಲ.

"ತೋಳಿಗೆ ಏನದು?" ಅಂದರು ಮೇಷ್ಟ್ರು.

"ಹಳದಿ ಪಟ್ಟಿ. ಬದಲಿಗೆ ನಿಂತವರದು."

"ಬಿಚ್ಚಿ. ಸ್ವಂತ ಕೆಲಸ ಮಾಡೋವಾಗ ಯಾರೂ ಪಟ್ಟಿ ಕಟ್ಟಲ್ಲ."

ಬಿಚ್ಚಲು ಹೋದೆ. ಹೂವಿನ ಗಂಟು ಬಿಗಿದುಕೊಂಡಿತ್ತು. ಸೆರಗು ಬಾಯಿಗಿಟ್ಟಿದ್ದಾಕೆಯೇ ಎದ್ದು ಬಂದು ಬಿಚ್ಚಿಕೊಟ್ಟರು. ನನ್ನ ಬದಲು ನನ್ನ ಅವಮಾನವನ್ನೂ ಬೇರೆಯವರೇ ಬಿಚ್ಚಬೇಕಾಯಿತು.

ನನಗೆ ಆಗ ಕಂಡದ್ದು ಆ ಕುರ್ಚಿ. ಹಿಂದೆ ಒರಗಿಕೊಳ್ಳೋದಕ್ಕೂ ಇರುವ ಕುರ್ಚಿ. ಅದು ನಿಧಾನವಾಗಿ ಹಿಂದಕ್ಕೆ ಸರಿದು ಬಾಗಿಲಾಚೆ ಹೋಗುತ್ತಿತ್ತು. "ಸಾರ್, ಪದ ಅವಳಿಗೆ ಚೆನ್ನಾಗಿ ಬರುತ್ತೆ. ನನ್ನ ತಪ್ಪಿಗೆ ಅವಳನ್ನ ಯಾಕೆ..." ಅಂದೆ. ವಾರಕ್ಕೆ ಎಂಟುನೂರು ಪದ ಸಿಟ್ಟು ಬರೆಯುವವನಿಗೆ ಆ ವಾಕ್ಯ ಮುಗಿಸಲು ಪದ ಸಿಗಲಿಲ್ಲ.

ಮೇಷ್ಟ್ರು ಒಂದು ಬಿಳಿ ಹಾಳೆ ನನ್ನ ಮುಂದಿಟ್ಟರು. "ಎರಡನೇ ಭಾಗ ಖಾಲಿ ಇದ್ರೆ ಯಾಕೆ ಖಾಲಿ ಅಂತ ಕಾರಣ ಬರೆದು ಸಾಕ್ಷಿ ರುಜು ಹಾಕಬಹುದು. ಹಡಗಲ್ಲಿ ನಮ್ಮ ಬಾಣಸಿಗನೂ ಹಾಗೇ ಮಾಡ್ತಿದ್ದ. ಸಾಮಾನಿಲ್ಲದಿದ್ರೆ ಯಾಕಿಲ್ಲ ಅಂತ ಬರೆಸ್ತಿದ್ದ. ಬರೀರಿ, ನೀವು ಬರೆಯೋರಲ್ವಾ."

ಕೊಟ್ಟ ಹಾಳೆಯಲ್ಲಿ ಕುಟುಂಬ ವ್ಯವಸ್ಥೆಯ ಬಗ್ಗೆ, ತಲೆಮಾರುಗಳಿಂದ ಬಂದ ಪುರುಷ ಸ್ವಭಾವದ ಬಗ್ಗೆ, ಶ್ರಮದ ಅಸಮಾನ ಹಂಚಿಕೆಯ ಬಗ್ಗೆ ಒಂದು ಪುಟ ಬರೆದೆ. ಮೇಷ್ಟ್ರು ಓದಿದರು. ಈರುಳ್ಳಿಯ ಸಿಪ್ಪೆ ತೆಗೆದ ಹಾಗೆ ಒಂದೊಂದೇ ಸಾಲು ಹೊಡೆದರು.

"ಇದರಲ್ಲಿ ನೀವೆಲ್ಲಿದ್ದೀರಿ?" ಅಂದರು.

ಮತ್ತೆ ಬರೆದೆ. ಅರ್ಧ ಪುಟ. ಅದನ್ನೂ ಹೊಡೆದರು. ಗೋಡೆಯ ಗಡಿಯಾರ ಹತ್ತಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಮೂರನೇ ಸಲ ಎರಡೇ ಸಾಲು ಬಂತು.

'ಅವಳ ಬದಲು ನಿಲ್ಲಲು ಯಾರೂ ಇರಲಿಲ್ಲ. ನಾನು ಮನೆಯಲ್ಲೇ ಇದ್ದೆ.'

ಮೇಷ್ಟ್ರು ಓದಿ, ಪೆನ್ನಿನ ಮುಚ್ಚಳ ಹಾಕಿದರು. "ರುಜು" ಅಂದರು. ಓದಿ ರುಜು ಹಾಕಿದೆ. ಅಷ್ಟು ನಿಧಾನವಾಗಿ ನನ್ನ ಹೆಸರನ್ನು ನಾನು ಎಂದೂ ಬರೆದಿರಲಿಲ್ಲ.

ಮೇಷ್ಟ್ರು ಆ ಹಾಳೆಯನ್ನು ನೋಟ್‌ಬುಕ್ಕಿಗೆ ಅಂಟಿಸಿ ತಮ್ಮ ಬಳಿಯೇ ಇಟ್ಟುಕೊಂಡು, ಅವಳ ಹೆಸರನ್ನು ಪಟ್ಟಿಗೆ ಸೇರಿಸಿದರು. ಹೆಂಡತಿಗೆ ನಾನು ಏನೂ ಹೇಳಲಿಲ್ಲ. ಅವಳು ಪರೀಕ್ಷೆಗೆ ಕೂತಳು. ಬಾಯಿಪರೀಕ್ಷೆಯಲ್ಲಿ ಚೀನೀ ಮೇಡಂ ಅವಳ ನೋಟ್‌ಬುಕ್ ತಿರುವಿ, ಎರಡನೇ ಭಾಗದ ಕೆಂಪನ್ನು ತೋರಿಸಿ ಏನಿದು ಎಂದು ಕೇಳಿದರಂತೆ. ಕೊನೆಯ ಎರಡು ಸಾಲನ್ನು ಇವಳು ಅಲ್ಲೇ ಮೊದಲ ಸಲ ಓದಿದ್ದು. ಓದಿ, ಚೀನೀಗೆ ತಿರುಗಿಸಿ ಹೇಳಿದಳಂತೆ. ಮೇಡಂ ನಗಲಿಲ್ಲವಂತೆ. ತಮ್ಮ ಕುರ್ಚಿಯನ್ನು ಸರಿಸಿ ಇವಳ ಕಡೆಗೆ ತಳ್ಳಿದರಂತೆ.

ಈಗ ಅವಳು ಲೈನ್ ಲೀಡರ್. ಮೊದಲ ದಿನ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ನನ್ನ ಕುರ್ಚಿಯಲ್ಲಿ ಕೂತು ಒರಗಿದಳು.

"ಅಲ್ಲಿನ ಕುರ್ಚಿ ಚೆನ್ನಾಗಿದೆ. ಇದು ಇನ್ನೂ ಚೆನ್ನಾಗಿದೆ" ಅಂದಳು.

ಅಂದಿನಿಂದ ನಾನು ಈ ಅಂಕಣವನ್ನು ಅಡುಗೆಮನೆಯ ಕಟ್ಟೆಯ ಮೇಲೆ, ನಿಂತು ಬರೆಯುತ್ತಿದ್ದೇನೆ. ಮುಂದೆ ಹಾಲಿದೆ. ಪದ ಬಂದ ಮೇಲೆ ನಾನು ಏನಾದೆ ಎಂದು ಕೊನೆಯಲ್ಲಿ ಹೇಳುತ್ತೇನೆ ಅಂದಿದ್ದೆನಲ್ಲ, ಇದೇ. ಸ್ವಂತ ತಾಯಿಯ ಮಗ, ಸ್ವಂತ ಮಗಳ ಅಪ್ಪ, ಸ್ವಂತ ತಟ್ಟೆಯ ಮಾಲೀಕ. ಒಂದಕ್ಕೂ ಪಟ್ಟಿ ಇಲ್ಲ.

ಮೊನ್ನೆ ಫೋನು ಹೊಡೆದುಕೊಂಡಿತು. ಸಂಪಾದಕರದ್ದೇ, ಅಂಕಣ ಒಂದು ದಿನ ತಡವಾಗಿತ್ತು. ಹಳೆಯ ಅಭ್ಯಾಸದಂತೆ ಹೆಂಡತಿಯ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿ ಒರಗಿದ್ದಳು. ಮಗಳ ಕಡೆ ನೋಡಿದೆ.

"ನಿನ್ನ ಫೋನು ಅಪ್ಪ" ಅಂದಳು, ಪುಸ್ತಕದಿಂದ ತಲೆಯೆತ್ತದೆ.

ಹಾಲು ಏರುತ್ತಿತ್ತು. ಫೋನು ಎತ್ತಿದೆ. ಇಪ್ಪತ್ತು ವರ್ಷ ಆ ಫೋನಿನಲ್ಲಿ ಒಂದೇ ವಾಕ್ಯ ಕೇಳಿಸಿಕೊಂಡು ಬಂದಿದ್ದ ನನ್ನ ಬಾಯಿ, ನನ್ನನ್ನು ಕೇಳದೆ ಅದನ್ನೇ ಹೇಳಿತು.

"ಅವರು ಮನೆಯಲ್ಲಿಲ್ಲ."

ಆ ಕಡೆಯಿಂದ ಸಂಪಾದಕರು ಬಹಳ ಶಾಂತವಾಗಿ ಕೇಳಿದರು:

"ಹಾಗಾದ್ರೆ ಅವರ ಬದಲು ಯಾರು ಮಾತಾಡ್ತಿರೋದು?"